ದೇಹದಿಂದ ತೆಗೆದ ಸ್ಯಾಂಪಲ್ ಎಷ್ಟು ಹೊತ್ತು ನಿಜ ಹೇಳುತ್ತದೆ? ಉತ್ತರ ಹುಡುಕಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಕಥೆ

ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಕಪ್ಪು-ಬಿಳುಪಿನ ಒಂದು ಫೋಟೊ, ಅದರ ಕೆಳಗೆ ಉದ್ದನೆಯ ಬರಹ. ಎಟಿಪಿಯನ್ನು ಒಬ್ಬರೇ ಕಂಡುಹಿಡಿದ ಭಾರತೀಯ, ಕ್ಯಾನ್ಸರ್ ಔಷಧಿಯ ಜನಕ, ಕೋಟ್ಯಂತರ ಜನರ ಜೀವ ಉಳಿಸಿದವರು, ಆದರೂ ನೊಬೆಲ್ ಕೊಡದೆ ಮೋಸ ಮಾಡಿದರು, ಹೆಮ್ಮೆ ಇದ್ದರೆ ಹತ್ತು ಜನರಿಗೆ ಕಳಿಸಿ ಎಂದು ಅದು ಮುಗಿಯುತ್ತದೆ. ಫೋಟೊದಲ್ಲಿರುವವರು ಡಾ. ಯಲ್ಲಾಪ್ರಗಡ ಸುಬ್ಬರಾವ್.

ಹೆಮ್ಮೆ ಪಡಲು ಕಾರಣ ಖಂಡಿತ ಇದೆ. ಆದರೆ ಈ ಸಂದೇಶಗಳಲ್ಲಿ ಮುಖ್ಯವಾದ ಒಂದು ಸಂಗತಿಯೇ ಬಿಟ್ಟುಹೋಗಿರುತ್ತದೆ. ಅವರು ಲ್ಯಾಬಿನಲ್ಲಿ ಕೂತು ನಿಜವಾಗಿ ಮಾಡಿದ್ದೇನು? ಅದನ್ನು ಓದಿಕೊಂಡು ಹೋದಾಗ ನಮಗೆ ಸಿಕ್ಕಿದ್ದು ನಮ್ಮ ನಿಮ್ಮೆಲ್ಲರಿಗೂ ಸಂಬಂಧಪಟ್ಟ ಒಂದು ಪ್ರಶ್ನೆ. ಶುಗರ್ ಟೆಸ್ಟ್‌ಗೆ ರಕ್ತ ಕೊಟ್ಟಾಗ, ಬಯಾಪ್ಸಿಗೆ ಮಾಂಸದ ತುಣುಕು ತೆಗೆದಾಗ, ಆ ಸ್ಯಾಂಪಲ್ ದೇಹದೊಳಗೆ ಹೇಗಿತ್ತೋ ಹೊರಗೂ ಹಾಗೆಯೇ ಉಳಿಯುತ್ತದೆಯೇ?

ಚುಟುಕಾಗಿ ಹೇಳುವುದಾದರೆ, ಉಳಿಯುವುದಿಲ್ಲ. ಹೊರಬಂದ ನಿಮಿಷದಿಂದಲೇ ಅದರೊಳಗಿನ ರಸಾಯನ ಬದಲಾಗತೊಡಗುತ್ತದೆ. ಈ ಬದಲಾವಣೆಯಿಂದಾಗಿ ವಿಜ್ಞಾನಿಗಳು ಸುಮಾರು ನೂರು ವರ್ಷ ಕಾಣದೇ ಹೋದ ಎರಡು ವಸ್ತುಗಳನ್ನು ಬೆಳಕಿಗೆ ತಂದವರಲ್ಲಿ ಸುಬ್ಬರಾವ್ ಒಬ್ಬರು.

ಮೂರನೇ ಸಲಕ್ಕೆ ಪಾಸಾದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಭೀಮಾವರದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮಕ್ಕಳು ಹಲವರು, ತಂದೆಗೆ ಅನಾರೋಗ್ಯ, ಮನೆಯಲ್ಲಿ ದುಡ್ಡಿನ ತಾಪತ್ರಯ. ಹದಿಮೂರರ ಆಸುಪಾಸಿನಲ್ಲಿ ಈ ಹುಡುಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಹೊರಟಿದ್ದನೆಂದೂ, ತಾಯಿ ಬಿಡದೆ ವಾಪಸ್ ಕರೆಸಿ ಶಾಲೆಗೆ ಸೇರಿಸಿದರೆಂದೂ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಮೆಟ್ರಿಕ್ಯುಲೇಶನ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ.

ಮುಂದೆ ಮದ್ರಾಸಿನಲ್ಲಿ ಓದು. ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆ ಇತ್ತು, ಕೊನೆಗೆ ಹಿಡಿದದ್ದು ಮದ್ರಾಸ್ ಮೆಡಿಕಲ್ ಕಾಲೇಜಿನ ದಾರಿ. 1919ರಲ್ಲಿ ಶೇಷಗಿರಿ ಎಂಬವರೊಂದಿಗೆ ಮದುವೆಯಾಯಿತು. ಓದಿನ ಖರ್ಚಿಗೆ ಮಾವನ ಮನೆಯವರು ಆಸರೆಯಾದರು. ಅದು ಗಾಂಧೀಜಿಯ ಕರೆಗೆ ದೇಶವೇ ಓಗೊಡುತ್ತಿದ್ದ ಕಾಲ. ಸುಬ್ಬರಾವ್ ಶಸ್ತ್ರಚಿಕಿತ್ಸೆಯ ತರಗತಿಗೂ ಖಾದಿಯ ಉಡುಪು ತೊಟ್ಟು ಹೋದರು, ಬ್ರಿಟಿಷ್ ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿದ್ದರಿಂದ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡಲು ಸೇರಿಕೊಂಡರು.

ಅದೇ ವರ್ಷಗಳಲ್ಲಿ ಮನೆಗೆ ದೊಡ್ಡ ಪೆಟ್ಟು ಬಿತ್ತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ತಿಂದ ಆಹಾರದ ಸತ್ವವನ್ನು ಕರುಳು ಹೀರಿಕೊಳ್ಳಲಾಗದೆ, ಭೇದಿಯಾಗಿ, ರಕ್ತ ಕಡಿಮೆಯಾಗಿ ಮನುಷ್ಯ ಸೊರಗುತ್ತಾ ಹೋಗುವ ಕಾಯಿಲೆ ಅದು. ಆಗ ಅದಕ್ಕೆ ಮದ್ದಿರಲಿಲ್ಲ. ಈ ಕಾಯಿಲೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬಾಸ್ಟನ್ನಿನಲ್ಲಿ ರಾತ್ರಿ ಪಾಳಿ

1922ರಲ್ಲಿ ಸುಬ್ಬರಾವ್ ಅಮೆರಿಕದ ಬಾಸ್ಟನ್ ತಲುಪಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಬಗ್ಗೆ ಡಿಪ್ಲೊಮಾ ಓದುವ ಅವಕಾಶವಿತ್ತು, ಹೊಟ್ಟೆಗೆ ದಾರಿ ಇರಲಿಲ್ಲ. ವೈದ್ಯರಾಗಿ ಕೆಲಸ ಮಾಡಲು ಅವರ ಪದವಿ ಅಲ್ಲಿ ನಡೆಯುವಂತಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಸಹಾಯಕನಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಗಲಿನಲ್ಲಿ ಓದು, ರಾತ್ರಿ ದುಡಿಮೆ.

ಊರಿನಲ್ಲಿ ಶೇಷಗಿರಿ ಅವರಿಗೆ ಗಂಡುಮಗು ಹುಟ್ಟಿತು. ತಂದೆಯ ಮುಖ ನೋಡುವ ಮೊದಲೇ, ವರ್ಷ ತುಂಬುವುದರೊಳಗೆ ಆ ಮಗು ತೀರಿಕೊಂಡಿತು. ಕೆಲವು ವರ್ಷ ಎಂದು ಹೊರಟ ಸುಬ್ಬರಾವ್ ಮತ್ತೆಂದೂ ಭಾರತಕ್ಕೆ ಮರಳಲಿಲ್ಲ. ಫಾರ್ವರ್ಡ್‌ಗಳು ಇದನ್ನು ತ್ಯಾಗ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಆ ತ್ಯಾಗದ ಅರ್ಧ ಭಾರವನ್ನು ಹೊತ್ತವರು ಇಲ್ಲಿ ಕಾದು ಕುಳಿತ ಶೇಷಗಿರಿ ಎಂಬುದನ್ನೂ ಹೇಳಬೇಕು.

ಡಿಪ್ಲೊಮಾ ಮುಗಿದ ಮೇಲೆ ಸುಬ್ಬರಾವ್ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗ ಸೇರಿದರು. ಅವರ ಮಾರ್ಗದರ್ಶಕರು ಸೈರಸ್ ಫಿಸ್ಕ್. ಇಬ್ಬರೂ ಕೈಗೆತ್ತಿಕೊಂಡದ್ದು ನೋಡಲು ತೀರಾ ಸಪ್ಪೆಯಾದ ಕೆಲಸ: ರಕ್ತದಲ್ಲಿ, ಮೂತ್ರದಲ್ಲಿ, ಅಂಗಾಂಶಗಳಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನ ಹುಡುಕುವುದು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ, ಕತ್ತರಿಸಿ ತೆಗೆದ ಸ್ನಾಯುವಿನೊಳಗೆ ಏನಾಗುತ್ತದೆಂದು ಮೊದಲು ನೋಡೋಣ.

ದೇಹದಿಂದ ಬೇರೆಯಾದರೂ ಜೀವಕೋಶ ಸುಮ್ಮನಿರುವುದಿಲ್ಲ

ಜೀವ ಹೋದ ಕೂಡಲೇ, ಅಥವಾ ದೇಹದಿಂದ ತುಣುಕು ಬೇರೆಯಾದ ಕೂಡಲೇ, ಅದರೊಳಗಿನ ಎಲ್ಲವೂ ಗಡಿಯಾರ ನಿಂತಂತೆ ನಿಂತುಬಿಡುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ನಿಲ್ಲುವುದು ರಕ್ತದ ಹರಿವು ಮತ್ತು ಅದರ ಜೊತೆ ಬರುತ್ತಿದ್ದ ಆಮ್ಲಜನಕ. ಜೀವಕೋಶದೊಳಗಿನ ಕಿಣ್ವಗಳು ಕೆಲಸ ಮುಂದುವರಿಸುತ್ತವೆ. ಪೇಟೆಯಿಂದ ಸಾಮಾನು ಬರುವುದು ನಿಂತ ಮನೆಯಲ್ಲೂ ಅಡುಗೆ ಕೆಲವು ದಿನ ನಡೆಯುತ್ತದಲ್ಲ, ಹಾಗೆ. ಡಬ್ಬಿಯಲ್ಲಿದ್ದದ್ದು ಒಂದೊಂದಾಗಿ ಖಾಲಿಯಾಗುತ್ತದೆ.

ಸ್ನಾಯುವಿನಲ್ಲಿ ಇದು ಹೆಚ್ಚು ಕಡಿಮೆ ಈ ಕ್ರಮದಲ್ಲಿ ನಡೆಯುತ್ತದೆ.

ಮೊದಲು ಕರಗುವುದು ಫಾಸ್ಫೋಕ್ರಿಯಾಟಿನ್. ಇದು ತುರ್ತಿಗೆಂದು ಎತ್ತಿಟ್ಟ ಶಕ್ತಿಯ ಗಂಟು. ಎಟಿಪಿ ಕಡಿಮೆಯಾದಾಗಲೆಲ್ಲ ಇದು ಒಡೆದು, ತನ್ನ ಫಾಸ್ಫೇಟನ್ನು ಕೊಟ್ಟು ಎಟಿಪಿಯನ್ನು ಮತ್ತೆ ತುಂಬಿಸುತ್ತದೆ. ಎಟಿಪಿ ಎಂದರೆ ಜೀವಕೋಶದ ದಿನಬಳಕೆಯ ಚಿಲ್ಲರೆ ಹಣ. ಸ್ನಾಯು ಕುಗ್ಗುವುದಕ್ಕೂ ಹಿಗ್ಗುವುದಕ್ಕೂ ಅದೇ ಬೇಕು.

ಆಮೇಲೆ ಗ್ಲೈಕೋಜನ್ ಸರದಿ. ಸ್ನಾಯುವಿನಲ್ಲಿ ಕೂಡಿಟ್ಟ ಈ ಸಕ್ಕರೆ ಆಮ್ಲಜನಕವಿಲ್ಲದೆ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಸ್ನಾಯು ಹುಳಿಯಾಗುತ್ತದೆ. ಮಾಂಸದ ಅಂಗಡಿಗೆ ಬರುವ ಮಾಂಸದಲ್ಲೂ ಹೀಗೇ: ಜೀವ ಇದ್ದಾಗ 7ರ ಆಸುಪಾಸಿನಲ್ಲಿದ್ದ ಪಿಎಚ್ ಮಟ್ಟ ಗಂಟೆಗಳು ಕಳೆದಂತೆ 5.5ರ ಹತ್ತಿರಕ್ಕೆ ಇಳಿಯುತ್ತದೆ.

ಎಟಿಪಿ ಮುಗಿದಾಗ ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಬಿಡಲಾಗದೆ ಬಿಗಿಯುತ್ತವೆ. ಹೆಣ ಸೆಟೆದುಕೊಳ್ಳುವುದು ಇದರಿಂದಲೇ. ಅದರಲ್ಲಿ ಪ್ರೇತದ ಕೈವಾಡವೇನೂ ಇಲ್ಲ. ಜೀವಕೋಶದ ಪೊರೆಯಲ್ಲಿ ಲವಣಗಳನ್ನು ಒಳಗೆ ಹೊರಗೆ ಸಾಗಿಸುವ ಪಂಪುಗಳೂ ನಿಲ್ಲುತ್ತವೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ಕೊನೆಗೆ ಜೀವಕೋಶದ ಕಿಣ್ವಗಳು ಅದರದೇ ಪ್ರೋಟೀನುಗಳನ್ನು ಜೀರ್ಣಿಸತೊಡಗುತ್ತವೆ. ಜೀರ್ಣಕಾರಿ ಕಿಣ್ವಗಳು ತುಂಬಿರುವ ಮೇದೋಜೀರಕದಂಥ ಅಂಗದಲ್ಲಿ ಇದು ಬೇಗ, ಬೇರೆ ಕಡೆ ನಿಧಾನ. ಬಿಸಿಲಿದ್ದರೆ ವೇಗ ಹೆಚ್ಚು, ತಣ್ಣಗಿದ್ದರೆ ಕಡಿಮೆ.

ಇದರ ಮೊದಲ ಪಾಠ ಕಲಿಸಿದವರು ಇಂಗ್ಲೆಂಡಿನ ಫ್ಲೆಚರ್ ಮತ್ತು ಹಾಪ್ಕಿನ್ಸ್. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಎಷ್ಟಿರುತ್ತದೆ ಎಂಬ ಬಗ್ಗೆ ಆಗ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಿದ್ದರು. 1907ರಲ್ಲಿ ಇವರಿಬ್ಬರು ಕಪ್ಪೆಯ ಸ್ನಾಯುವನ್ನು ತೆಗೆದ ಕೂಡಲೇ ಮಂಜಿನಷ್ಟು ತಣ್ಣಗಿನ ಆಲ್ಕೋಹಾಲಿನಲ್ಲಿ ಮುಳುಗಿಸಿ ನೋಡಿದರು. ವಿಶ್ರಾಂತಿಯಲ್ಲಿದ್ದ ಸ್ನಾಯುವಿನಲ್ಲಿ ಆಮ್ಲ ಬಹಳ ಕಡಿಮೆ ಇತ್ತು. ಉಳಿದವರು ಅಳೆದಿದ್ದ ಆಮ್ಲದ ಬಹುಪಾಲು, ಅವರು ಸ್ನಾಯುವನ್ನು ಕತ್ತರಿಸಿ, ಅರೆದು, ಕೈಯಾಡಿಸುವಾಗ ಹುಟ್ಟಿಕೊಂಡದ್ದಾಗಿತ್ತು.

ಅಂದರೆ ನೋಡುವ ಕೆಲಸವೇ ನೋಡಬೇಕಾದ ವಸ್ತುವನ್ನು ಬದಲಿಸುತ್ತಿತ್ತು.

ನೀಲಿ ಬಣ್ಣ ತಡವಾಗಿ ಬಂತು

ಈಗ ಹಾರ್ವರ್ಡ್‌ಗೆ ಮರಳೋಣ. ಫಿಸ್ಕ್ ಮತ್ತು ಸುಬ್ಬರಾವ್ ತಮ್ಮ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಅದು ಹೀಗೆ: ಮೊದಲು ಆಮ್ಲ ಹಾಕಿ ಸ್ಯಾಂಪಲ್‌ನಿಂದ ಪ್ರೋಟೀನ್ ತೆಗೆಯಬೇಕು. ಉಳಿದ ತಿಳಿ ದ್ರವಕ್ಕೆ ಅಮೋನಿಯಂ ಮಾಲಿಬ್ಡೇಟ್ ಸೇರಿಸಿ, ಜೊತೆಗೆ ಇನ್ನೊಂದು ರಾಸಾಯನಿಕ ಹಾಕಬೇಕು. ಫಾಸ್ಫೇಟ್ ಇದ್ದರೆ ದ್ರವ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ಕೆಲವೇ ನಿಮಿಷಗಳ ಕೆಲಸ. ಜೀವರಸಾಯನ ಓದುವ ವಿದ್ಯಾರ್ಥಿಗಳು ಇಂದಿಗೂ ಪ್ರಾಕ್ಟಿಕಲ್‌ನಲ್ಲಿ ಮಾಡುವ ಫಿಸ್ಕ್-ಸುಬ್ಬರಾವ್ ವಿಧಾನ ಇದೇ.

ರಕ್ತದಲ್ಲಿ, ಮೂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಸ್ನಾಯುವಿನ ದ್ರವ ಹಾಕಿದಾಗ ಮಾತ್ರ ವಿಚಿತ್ರ. ಬಣ್ಣ ಬೇಗ ಬಂದು ನಿಲ್ಲಬೇಕಿತ್ತು, ಅದು ತಡವಾಗಿ, ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಯಿತು.

ಇಂಥ ಕಡೆ ಯಾರಿಗಾದರೂ ರಾಸಾಯನಿಕ ಹಳತಾಗಿದೆ, ಗಾಜು ಸರಿಯಾಗಿ ತೊಳೆದಿಲ್ಲ ಎನ್ನಿಸಬಹುದು. ಇನ್ನಷ್ಟು ಹೊತ್ತು ಕಾದು, ಬಣ್ಣ ನಿಂತ ಮೇಲೆ ಅಂಕಿ ಬರೆದುಕೊಂಡರೆ ಲೆಕ್ಕವೂ ಸಿಗುತ್ತದೆ. ಹಳೆಯ ನಿಧಾನಗತಿಯ ವಿಧಾನಗಳಲ್ಲಿ ಆಗುತ್ತಿದ್ದದ್ದೂ ಹೆಚ್ಚು ಕಡಿಮೆ ಅದೇ. ಇವರಿಬ್ಬರು ಆ ತಡವನ್ನೇ ಹಿಡಿದುಕೊಂಡರು. ದ್ರವದಲ್ಲಿ ಆಗಲೇ ಬಿಡಿಯಾಗಿದ್ದ ಫಾಸ್ಫೇಟ್ ತಕ್ಷಣ ಬಣ್ಣ ಕೊಡಬೇಕು. ತಡವಾಗಿ ಬರುವ ಬಣ್ಣ ಎಲ್ಲಿಂದ ಬರುತ್ತಿದೆ? ಫಾಸ್ಫೇಟನ್ನು ಕಟ್ಟಿಟ್ಟುಕೊಂಡಿರುವ ಯಾವುದೋ ವಸ್ತು ಅಲ್ಲಿರಬೇಕು. ಪರೀಕ್ಷೆಗೆ ಹಾಕಿದ ಆಮ್ಲ ಮತ್ತು ಮಾಲಿಬ್ಡೇಟ್ ಸೇರಿ ಅದನ್ನು ಒಡೆಯುತ್ತಿರಬೇಕು.

ಊಹೆ ಸರಿಯಾಗಿತ್ತು. ಬೆಕ್ಕಿನ ಸ್ನಾಯುವಿನಿಂದ ಆ ವಸ್ತುವನ್ನು ಬೇರ್ಪಡಿಸಿ ನೋಡಿದಾಗ ಅದರಲ್ಲಿ ಒಂದು ಪಾಲು ಕ್ರಿಯಾಟಿನ್, ಒಂದು ಪಾಲು ಫಾಸ್ಫರಿಕ್ ಆಮ್ಲ ಇತ್ತು. ಅದೇ ಫಾಸ್ಫೋಕ್ರಿಯಾಟಿನ್. ಸ್ನಾಯುವನ್ನು ಪ್ರಚೋದಿಸಿ ದುಡಿಸಿದಾಗ ಅದರ ಪ್ರಮಾಣ ಇಳಿಯಿತು, ರಕ್ತ ಹರಿಯಲು ಬಿಟ್ಟು ವಿಶ್ರಾಂತಿ ಕೊಟ್ಟಾಗ ಮತ್ತೆ ಏರಿತು. 1927ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಎಗಲ್ಟನ್ ದಂಪತಿ ಕಪ್ಪೆಯ ಸ್ನಾಯುವಿನಲ್ಲಿ ಇದೇ ವಸ್ತುವಿನ ಸುಳಿವನ್ನು ಸ್ವತಂತ್ರವಾಗಿ ಕಂಡು ಅದಕ್ಕೆ ಫಾಸ್ಫಜನ್ ಎಂದು ಹೆಸರಿಟ್ಟಿದ್ದರು.

ಯೋಚಿಸಿ ನೋಡಿ. ಕ್ರಿಯಾಟಿನ್ ಎಂಬ ವಸ್ತು ಮಾಂಸದಲ್ಲಿದೆ ಎಂದು ಫ್ರಾನ್ಸಿನ ಶೆವ್ರಲ್ 1832ರಲ್ಲೇ ಹೇಳಿದ್ದರು. ಸ್ನಾಯುವಿನಲ್ಲಿ ಫಾಸ್ಫೇಟ್ ಇದೆ ಎಂದೂ ಗೊತ್ತಿತ್ತು. ಜೀವಂತ ಸ್ನಾಯುವಿನಲ್ಲಿ ಇವೆರಡೂ ಬಹುಪಾಲು ಒಂದಾಗಿಯೇ ಇರುತ್ತವೆ ಎಂದು ಗೊತ್ತಾಗಲು ಸುಮಾರು 95 ವರ್ಷ ಬೇಕಾಯಿತು. ಕಾರಣ ಎರಡು. ಸ್ನಾಯು ದೇಹದಿಂದ ಬೇರೆಯಾದಾಗ ಕಿಣ್ವಗಳು ಜೋಡಿಯನ್ನು ಒಡೆಯುತ್ತಿದ್ದವು, ಅದರಿಂದ ಉಳಿದುಕೊಂಡದ್ದನ್ನು ಪರೀಕ್ಷೆಯ ಆಮ್ಲ ಒಡೆಯುತ್ತಿತ್ತು.

ನಿಮಗೆ ಈ ಹೆಸರು ಹೊಸದೇನಲ್ಲ. ಜಿಮ್‌ಗೆ ಹೋಗುವವರು ಕುಡಿಯುವ ಪುಡಿ ಕ್ರಿಯಾಟಿನ್. ಕಿಡ್ನಿ ಪರೀಕ್ಷೆಯ ರಿಪೋರ್ಟಿನಲ್ಲಿ ಬರುವ ಕ್ರಿಯಾಟಿನಿನ್ ಎಂಬುದು ಕ್ರಿಯಾಟಿನ್ ಮತ್ತು ಫಾಸ್ಫೋಕ್ರಿಯಾಟಿನ್ ದೇಹದಲ್ಲಿ ತಾವಾಗಿಯೇ ಬದಲಾಗಿ ಆಗುವ ತ್ಯಾಜ್ಯ. ನೂರು ಮೀಟರ್ ಓಟದಂಥ ಕೆಲವು ಸೆಕೆಂಡುಗಳ ಜೋರು ದುಡಿಮೆಗೆ ಶಕ್ತಿ ಕೊಡುವುದರಲ್ಲಿ ಫಾಸ್ಫೋಕ್ರಿಯಾಟಿನ್ ಪಾಲು ದೊಡ್ಡದು.

ಬೂದಿ ಕೈಯಲ್ಲಿತ್ತು, ಬೆಂಕಿ ಕಂಡಿರಲಿಲ್ಲ

ಎರಡು ವರ್ಷದ ನಂತರ, 1929ರಲ್ಲಿ, ಫಿಸ್ಕ್ ಮತ್ತು ಸುಬ್ಬರಾವ್ ಸ್ನಾಯುವಿನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿ ವರದಿ ಮಾಡಿದರು. ಅಡೆನಿನ್, ಒಂದು ಸಕ್ಕರೆ, ಮೂರು ಫಾಸ್ಫೇಟ್ ಸೇರಿದ ಅಣು ಅದು. ಅದೇ ಅಡೆನೋಸಿನ್ ಟ್ರೈಫಾಸ್ಫೇಟ್, ಅಂದರೆ ಎಟಿಪಿ. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ, ತುಸು ಮೊದಲೇ, ಸ್ವತಂತ್ರವಾಗಿ ಅದನ್ನು ಪ್ರಕಟಿಸಿದ್ದರು.

ಇಲ್ಲೂ ಹಳೆಯ ಕಥೆಯೇ. ದೇಹದಿಂದ ಹೊರಬಂದ ಸ್ನಾಯುವಿನಲ್ಲಿ ಎಟಿಪಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೂರು ಫಾಸ್ಫೇಟ್ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಆಮೇಲೆ ಅಮೋನಿಯ ಕಳೆದುಕೊಂಡು ಇನೋಸಿನಿಕ್ ಆಮ್ಲವಾಗುತ್ತದೆ. ಈ ಕೊನೆಯ ವಸ್ತುವನ್ನು ಜರ್ಮನಿಯ ಲೀಬಿಗ್ 1847ರಲ್ಲೇ ಮಾಂಸದ ಸಾರದಿಂದ ತೆಗೆದಿದ್ದರು. ಮಾಂಸದ ಸಾರಿಗೆ ಬಾಯಿ ಚಪ್ಪರಿಸುವ ರುಚಿ ಬರುವುದರಲ್ಲಿ ಇದರದ್ದೂ ಪಾಲಿದೆ. ಮಧ್ಯದ ಮೆಟ್ಟಿಲಾದ, ಒಂದೇ ಫಾಸ್ಫೇಟ್ ಇರುವ ಅಡೆನಿಲಿಕ್ ಆಮ್ಲವನ್ನು ಜರ್ಮನಿಯ ಎಂಬ್ಡನ್ 1927ರಲ್ಲಿ ಸ್ನಾಯುವಿನಿಂದ ತೆಗೆದಿದ್ದರು. ಎಂಬತ್ತು ವರ್ಷ ರಸಾಯನ ವಿಜ್ಞಾನಿಗಳು ಒಲೆಯ ಬೂದಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಿದ್ದರು. ಬೆಂಕಿ ಕಂಡದ್ದು 1929ರಲ್ಲಿ.

ಇದರ ಪರಿಣಾಮ ದೊಡ್ಡದಾಯಿತು. ಸ್ನಾಯು ಕುಗ್ಗಲು ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ಸಿದ್ಧಾಂತ ಆಗ ಗಟ್ಟಿಯಾಗಿ ಬೇರೂರಿತ್ತು. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ರಾಸಾಯನಿಕದಿಂದ ತಡೆದ ಸ್ನಾಯು ಕೂಡ ಸ್ವಲ್ಪ ಹೊತ್ತು ಕುಗ್ಗುತ್ತದೆ, ಆಗ ಖರ್ಚಾಗುವುದು ಫಾಸ್ಫೋಕ್ರಿಯಾಟಿನ್ ಎಂದು ತೋರಿಸಿದರು. ಹಳೆಯ ಸಿದ್ಧಾಂತ ಬಿತ್ತು. ಓಡಿದ ಮರುದಿನ ಕಾಲು ನೋಯುವುದು ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿರುವುದರಿಂದ ಎಂಬ ಮಾತು ಮಾತ್ರ ಇಂದಿಗೂ ಓಡಾಡುತ್ತಿದೆ. ಅದು ಸರಿಯಲ್ಲ. ವ್ಯಾಯಾಮದಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಒಂದೆರಡು ಗಂಟೆಯೊಳಗೆ ಖಾಲಿಯಾಗುತ್ತದೆ. ಮರುದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗಾದ ಸಣ್ಣ ಗಾಯ ಮತ್ತು ಊತ.

ಲೆಡರ್ಲಿಯ ಎಂಟು ವರ್ಷ

ಸುಬ್ಬರಾವ್ 1930ರಲ್ಲಿ ಪಿಎಚ್‌ಡಿ ಪಡೆದರು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಕಂಪನಿ ಸೇರಿ, ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು.

ಅವರ ತಂಡ ಫೋಲಿಕ್ ಆಮ್ಲವನ್ನು ಲ್ಯಾಬಿನಲ್ಲಿ ತಯಾರಿಸಿದ್ದನ್ನು 1945ರಲ್ಲಿ ಪ್ರಕಟಿಸಿತು. ಇಂದು ಬಸುರಿಯರಿಗೆ ಕೊಡುವ ಅದೇ ಫೋಲಿಕ್ ಆಸಿಡ್ ಮಾತ್ರೆ. ಸ್ಪ್ರೂ ಕಾಯಿಲೆಗೂ ಅದು ಮದ್ದಾಯಿತು. ಇಬ್ಬರು ಸಹೋದರರನ್ನು ಕೊಂಡೊಯ್ದ ಕಾಯಿಲೆಗೆ ಮದ್ದು ಹೊರಬಂದದ್ದು ಸುಬ್ಬರಾವ್ ಮುನ್ನಡೆಸಿದ ಲ್ಯಾಬಿನಿಂದ.

ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಗಾಲು ಹಾಕುವ ಅಣುಗಳನ್ನೂ ಅದೇ ತಂಡ ತಯಾರಿಸಿತು. ಅವುಗಳಲ್ಲೊಂದಾದ ಅಮೈನಾಪ್ಟೆರಿನ್ ಅನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂಜರಿಯಿತು. 1948ರ ಜೂನ್‌ನಲ್ಲಿ ಆ ವರದಿ ಬಂತು. ಅದೇ ಕುಟುಂಬದ ಮೆಥೋಟ್ರೆಕ್ಸೇಟ್ ಈಗಲೂ ಕ್ಯಾನ್ಸರ್‌ಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ಆನೆಕಾಲು ರೋಗದ ಹುಳುಗಳ ವಿರುದ್ಧ ಡೈಈಥೈಲ್‌ಕಾರ್ಬಮಜೀನ್, ಅಂದರೆ ಡಿಇಸಿ, ಬಂದದ್ದು ಕೂಡ ಇದೇ ಲ್ಯಾಬಿನಿಂದ, 1947ರಲ್ಲಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಗೆ ಇದು ಗೊತ್ತಿರುತ್ತದೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸುವ ಆನೆಕಾಲು ರೋಗದ ಮಾತ್ರೆಗಳಲ್ಲಿ ಡಿಇಸಿಯೂ ಒಂದು.

1948ರ ಆಗಸ್ಟ್‌ನಲ್ಲಿ, ಫಾರ್ಬರ್ ವರದಿ ಬಂದ ಎರಡು ತಿಂಗಳಿಗೆ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಅವರ ಜನ್ಮಶತಮಾನೋತ್ಸವದ ವರ್ಷ, 1995ರಲ್ಲಿ, ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು.

ಫಾರ್ವರ್ಡ್‌ನಲ್ಲಿರುವುದು ಎಷ್ಟು ನಿಜ?

ಎಟಿಪಿಯನ್ನು ಸುಬ್ಬರಾವ್ ಒಬ್ಬರೇ ಕಂಡುಹಿಡಿದರೇ? ಇಲ್ಲ. ಅದು ಫಿಸ್ಕ್ ಜೊತೆಗಿನ ಕೆಲಸ. ಜರ್ಮನಿಯಲ್ಲಿ ಲೋಮನ್ ಕೂಡ ಅದೇ ವರ್ಷ ಕಂಡಿದ್ದರು.

ಅವರಿಗೆ ಬರಬೇಕಿದ್ದ ನೊಬೆಲ್ ಇನ್ನೊಬ್ಬರ ಪಾಲಾಯಿತೇ? ಎಟಿಪಿ ಕಂಡುಹಿಡಿದದ್ದಕ್ಕಾಗಿ ಫಿಸ್ಕ್‌ಗೂ ನೊಬೆಲ್ ಬರಲಿಲ್ಲ, ಲೋಮನ್‌ಗೂ ಬರಲಿಲ್ಲ. ಆದ್ದರಿಂದ ಕದ್ದರು ಎನ್ನಲು ಆಧಾರವಿಲ್ಲ.

ಅವರಿಗೆ ಅನ್ಯಾಯವೇ ಆಗಲಿಲ್ಲವೇ? ಆಯಿತು. ಅಷ್ಟು ಕೆಲಸದ ನಂತರವೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. ಅದೇ ಲ್ಯಾಬಿನಲ್ಲಿದ್ದು ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳು ಬೆಳಕಿಗೆ ಬರಲು ಫಿಸ್ಕ್ ಬಿಡಲಿಲ್ಲ, ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ದೂರಿದ್ದಾರೆ.

ಕ್ಯಾನ್ಸರ್ ಔಷಧಿಯ ಜನಕ ಅವರೇನೇ? ಪೂರ್ತಿ ಸರಿಯಲ್ಲ. ಔಷಧಿ ತಯಾರಿಸಿದ್ದು ಅವರು ಮುನ್ನಡೆಸಿದ ತಂಡ, ಮಕ್ಕಳಿಗೆ ಕೊಟ್ಟು ನೋಡಿದ್ದು ಫಾರ್ಬರ್. ಅದೇ ರೀತಿ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ ಕಂಡುಹಿಡಿದದ್ದು ಲೆಡರ್ಲಿಯಲ್ಲೇ ಇದ್ದ ಬೆಂಜಮಿನ್ ಡಗ್ಗರ್. ಸುಬ್ಬರಾವ್ ಆ ಸಂಶೋಧನೆಯ ಮುಖ್ಯಸ್ಥರಾಗಿದ್ದರು.

ನಿಮ್ಮ ಸ್ಯಾಂಪಲ್‌ಗೂ ಇದೇ ನಿಯಮ

ಹಾರ್ವರ್ಡ್‌ನ ಬೆಕ್ಕಿನ ಸ್ನಾಯುವಿಗೆ ಅನ್ವಯಿಸಿದ್ದು ನಿಮ್ಮ ರಕ್ತಕ್ಕೂ ಬಯಾಪ್ಸಿಗೂ ಅನ್ವಯಿಸುತ್ತದೆ.

ಶುಗರ್ ಪರೀಕ್ಷೆ: ತೆಗೆದ ರಕ್ತದಲ್ಲಿರುವ ಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ರಕ್ತವನ್ನು ಹಾಗೇ ಇಟ್ಟರೆ ಕೋಣೆಯ ತಾಪದಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. 100 ಇದ್ದದ್ದು ಎರಡು ಗಂಟೆಯಲ್ಲಿ 90ಕ್ಕಿಂತ ಕೆಳಗೂ ಹೋಗಬಹುದು. ಶುಗರ್‌ಗೆ ಬೂದು ಬಣ್ಣದ ಮುಚ್ಚಳದ ಟ್ಯೂಬ್ ಬಳಸುವುದು ಇದಕ್ಕೇ. ಅದರಲ್ಲಿರುವ ಫ್ಲೋರೈಡ್ ಸಕ್ಕರೆ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕಾಗುವುದರಿಂದ, ಬೇಗ ಲ್ಯಾಬ್ ತಲುಪಿದಷ್ಟೂ ಒಳ್ಳೆಯದು.

ಪೊಟ್ಯಾಸಿಯಂ ಪರೀಕ್ಷೆ: ಫ್ರಿಜ್‌ನಲ್ಲಿಟ್ಟರೆ ಯಾವ ಸ್ಯಾಂಪಲ್ಲೂ ಕೆಡುವುದಿಲ್ಲ ಎಂಬುದು ಇನ್ನೊಂದು ತಪ್ಪು ನಂಬಿಕೆ. ಕಣ ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಪಂಪುಗಳು ನಿಧಾನವಾಗಿ, ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ದೇಹದಲ್ಲಿ ಸರಿಯಾಗಿಯೇ ಇದ್ದ ಪೊಟ್ಯಾಸಿಯಂ ರಿಪೋರ್ಟಿನಲ್ಲಿ ಅಪಾಯದ ಮಟ್ಟಕ್ಕೆ ಏರಿ ಕಾಣಬಹುದು.

ಬಯಾಪ್ಸಿ: ನಮ್ಮಲ್ಲಿ ಎಷ್ಟೋ ಕಡೆ ಆಪರೇಷನ್ ಮುಗಿದ ಮೇಲೆ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬ್‌ಗೆ ಒಯ್ಯಿರಿ ಎನ್ನುತ್ತಾರೆ. ಡಬ್ಬಿಯಲ್ಲಿರುವ ದ್ರವ ಸಾಮಾನ್ಯವಾಗಿ ಫಾರ್ಮಾಲಿನ್. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಕಿಣ್ವಗಳ ಕೈ ಕಟ್ಟಿ, ತುಣುಕನ್ನು ಇದ್ದ ರೂಪದಲ್ಲೇ ನಿಲ್ಲಿಸುತ್ತದೆ. ದ್ರವ ತುಣುಕಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ಸ್ತನ ಕ್ಯಾನ್ಸರ್‌ನಲ್ಲಿ ಯಾವ ಔಷಧಿ ಕೊಡಬೇಕೆಂದು ತಿಳಿಸುವ ಹಾರ್ಮೋನ್ ಮತ್ತು ಹರ್2 ಪರೀಕ್ಷೆಗಳಿಗೆ, ತುಣುಕು ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ತಡವಾದರೆ ಇರುವುದು ಇಲ್ಲ ಎಂದು ಬರಬಹುದು, ಸಿಗಬೇಕಾದ ಚಿಕಿತ್ಸೆ ತಪ್ಪಬಹುದು.

ಹಾಗಾಗಿ ಡಬ್ಬಿ ನಿಮ್ಮ ಕೈಗೆ ಬಂದರೆ ಹೀಗೆ ಮಾಡಿ:

- ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳದೆ, ಅದೇ ದಿನ ನೇರವಾಗಿ ಲ್ಯಾಬ್‌ಗೆ ಕೊಡಿ.
- ದ್ರವ ಚೆಲ್ಲಬೇಡಿ. ನೀರು, ಸ್ಪಿರಿಟ್ ಏನನ್ನೂ ಸೇರಿಸಬೇಡಿ.
- ಮನೆಯ ಫ್ರೀಜರ್‌ನಲ್ಲಿ ಇಡಬೇಡಿ. ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳ ಆಕಾರ ಕೆಡುತ್ತದೆ.
- ಡಬ್ಬಿಯ ಮೇಲೆ ರೋಗಿಯ ಹೆಸರು, ತುಣುಕು ತೆಗೆದ ಸಮಯ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ.
- ಟಿಬಿ ಅಥವಾ ಬೇರೆ ಸೋಂಕಿನ ಕಲ್ಚರ್ ಪರೀಕ್ಷೆ ಇದ್ದರೆ ಫಾರ್ಮಾಲಿನ್ ಬಳಸುವಂತಿಲ್ಲ. ರೋಗಾಣುಗಳು ಅದರಲ್ಲಿ ಸತ್ತುಹೋಗುತ್ತವೆ, ಕಲ್ಚರ್ ಬೆಳೆಯುವುದಿಲ್ಲ. ಯಾವ ಪರೀಕ್ಷೆಗೆ ಯಾವ ಡಬ್ಬಿ ಎಂದು ಡಾಕ್ಟರನ್ನು ಕೇಳಿಯೇ ಹೊರಡಿ.

ಸುಬ್ಬರಾವ್ ಬಗ್ಗೆ ಮುಂದಿನ ಸಲ ಫಾರ್ವರ್ಡ್ ಬಂದಾಗ ಅದನ್ನು ಹಂಚಲು ಅಡ್ಡಿಯಿಲ್ಲ. ನೊಬೆಲ್ ಕದ್ದ ಕಥೆಯ ಸಾಲುಗಳನ್ನು ತೆಗೆದು, ಆ ಜಾಗದಲ್ಲಿ ಬಯಾಪ್ಸಿ ಡಬ್ಬಿಯ ಈ ಐದು ಸಾಲು ಸೇರಿಸಿ ಕಳಿಸಿ. ಗುಂಪಿನಲ್ಲಿ ಯಾರೋ ಒಬ್ಬರ ಮನೆಯವರು ನಾಳೆ ಅಂಥ ಡಬ್ಬಿ ಹಿಡಿದು ಬಸ್ ಹತ್ತುವವರಿರಬಹುದು.